ಗೋಧಿಗೆ ಹತ್ತುವ ಭಂಡಾರ: ನಮ್ಮ ಬೋರ್ಡೋ ಅಲ್ಲಿ ಯಾಕೆ ನಡೆಯುವುದಿಲ್ಲ

ಫೆಬ್ರವರಿಯ ಒಂದು ಬೆಳಗ್ಗೆ ಭಾವ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ನವಲಗುಂದದ ಅವರ ಗೋಧಿ ಹೊಲದ್ದು. ಒಂದು ಎಲೆ, ಅದನ್ನು ಉಜ್ಜಿದ ಹೆಬ್ಬೆರಳು, ಬೆರಳಿನ ತುದಿಯಲ್ಲಿ ಕೇಸರಿ ಬಣ್ಣದ ಪುಡಿ. ಹಿಂದೆಯೇ ಒಂದು ವಾಯ್ಸ್ ಮೆಸೇಜ್ ಬಂತು. "ಏನಪಾ, ನೀವು ಅಡಿಕಿಗೆ ನೀಲಿ ನೀರು ಹೊಡಿತೀರಲ್ಲ, ಅದನ್ನ ಇದಕ್ಕ ಹೊಡದ್ರ ಹೋಗ್ತದೇನು?"

ನಾನು ಹಿರಿಯಡ್ಕದ ಹತ್ತಿರ ಒಂದಿಷ್ಟು ಅಡಿಕೆ ಇಟ್ಟುಕೊಂಡವನು. ನೀಲಿ ನೀರು ಅಂದರೆ ನಾವು ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ. ನಮ್ಮ ಉಡುಪಿ ಕಡೆ ಗೋಧಿ ಅಂದರೆ ಅಂಗಡಿಯ ಹಿಟ್ಟು, ರಾತ್ರಿಯ ಚಪಾತಿ, ಊಟದ ಕೊನೆಗೆ ಎಲೆಗೆ ಬೀಳುವ ಗೋಧಿ ಕಡಿ ಪಾಯಸ. ಗಿಡ ನೋಡಿದವರೇ ಕಡಿಮೆ. ಆದರೂ ಅಕ್ಕನ ಮನೆಯ ಹೊಲ ಅಲ್ವಾ, ಸುಮ್ನೆ "ಗೊತ್ತಿಲ್ಲ ಭಾವ" ಅಂತ ಕೈ ತೊಳೆದುಕೊಳ್ಳಲು ಆಗಲಿಲ್ಲ. ಮೊದಲು ಒಂದು ಪ್ರಶ್ನೆ ಕೇಳಿದೆ. "ಯಾವ ತಳಿ ಬಿತ್ತಿದ್ದೀರಿ?" ಉತ್ತರ ಬಂತು. "ಗೋಧಿನಪಾ, ಗೋಧಿ. ಬಾಜೂ ಹೊಲದಾವ್ರ ಕಡಿಂದ ಚೀಲ ತಂದಿದ್ದೆ."

ಆ ಉತ್ತರದ ತೂಕ ನನಗೆ ಆಮೇಲೆ ಅರ್ಥವಾಯಿತು.

ಫೋಟೋದಲ್ಲಿದ್ದದ್ದು ತುಕ್ಕು ರೋಗ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಭಂಡಾರ ರೋಗ ಅನ್ನುತ್ತಾರೆ. ಮೈಲಾರನ ಜಾತ್ರೆಯಲ್ಲಿ ಎರಚುವ ಅರಿಶಿನದ ಪುಡಿ ಭಂಡಾರ. ರೋಗ ಹತ್ತಿದ ಹೊಲದಲ್ಲಿ ಬಿಳಿ ಪಂಚೆ ಉಟ್ಟು ನಡೆದು ಬಂದರೆ ಅಂಚೆಲ್ಲ ಅದೇ ಬಣ್ಣಕ್ಕೆ ತಿರುಗುತ್ತದೆ. ಇಷ್ಟು ಸರಿಯಾದ ಹೆಸರು ವಿಜ್ಞಾನಿಗಳಿಗೂ ಹೊಳೆದಿಲ್ಲ ಅಂತ ನನ್ನ ಅಭಿಪ್ರಾಯ. ಇದು ಹೊಸ ಕಾಯಿಲೆಯೂ ಅಲ್ಲ. ಹಳೆಯ ರೋಮಿನ ಜನ ಏಪ್ರಿಲ್ 25ಕ್ಕೆ ತುಕ್ಕಿನ ದೇವರಿಗೆ ನಾಯಿ ಬಲಿ ಕೊಟ್ಟು "ನಮ್ಮ ಹೊಲಕ್ಕೆ ಬರಬೇಡಪ್ಪ" ಅಂತ ಬೇಡಿಕೊಳ್ಳುತ್ತಿದ್ದರು.

ತುಕ್ಕಿನಲ್ಲಿ ಮೂರು ಬಗೆ. ಎಲೆಯ ಮೇಲೆ ಕಂದು ಕೇಸರಿ ಬಣ್ಣದ ದುಂಡು ಗುಳ್ಳೆಗಳು ಅಲ್ಲಲ್ಲಿ ಚೆಲ್ಲಿದ ಹಾಗೆ ಇದ್ದರೆ ಅದು ಎಲೆ ತುಕ್ಕು. ಹಳದಿ ಗುಳ್ಳೆಗಳು ಹೊಲಿಗೆ ಮೆಷಿನಿನಲ್ಲಿ ಹೊಲಿದ ಹಾಗೆ ಸಾಲಾಗಿ ಬಂದರೆ ಹಳದಿ ತುಕ್ಕು. ಕಾಂಡದ ಮೇಲೆ ಉದ್ದುದ್ದ ಇಟ್ಟಿಗೆ ಬಣ್ಣದ ಗುಳ್ಳೆ ಎದ್ದು, ಸಿಪ್ಪೆ ಹರಿದು ಅಂಚು ಚಿಂದಿಯಾಗಿದ್ದರೆ ಅದು ಕಾಂಡ ತುಕ್ಕು. ಕೊನೆಗೆ ಕಪ್ಪಾಗುವುದರಿಂದ ಕಪ್ಪು ತುಕ್ಕು ಅಂತಲೂ ಹೇಳುತ್ತಾರೆ. ಹಳದಿಗೆ ಚಳಿ ಬೇಕು, 10ರಿಂದ 15 ಡಿಗ್ರಿ. ಹಾಗಾಗಿ ಅದು ಪಂಜಾಬ್, ಹಿಮಾಚಲದ ತಲೆನೋವು, ಧಾರವಾಡದ ಬಯಲಿನದ್ದಲ್ಲ. ಎಲೆ ತುಕ್ಕು 20 ಡಿಗ್ರಿಯ ಆಸುಪಾಸಿನಲ್ಲಿ ಸುಖವಾಗಿರುತ್ತದೆ. ಕಾಂಡ ತುಕ್ಕಿಗೆ ಇನ್ನೂ ಬೆಚ್ಚಗಿದ್ದರೆ ಖುಷಿ. ಉತ್ತರ ಕರ್ನಾಟಕದವರು ಹೆದರಬೇಕಾದದ್ದು ಈ ಎರಡಕ್ಕೆ. ಎಲೆ ತುಕ್ಕು ಊಟ ಕದಿಯುತ್ತದೆ, ಕಾಂಡ ತುಕ್ಕು ಊಟ ಹೋಗುವ ದಾರಿಯನ್ನೇ ಕಡಿಯುತ್ತದೆ. ನೀರೂ ಆಹಾರವೂ ತೆನೆಗೆ ಏರದೆ ಕಾಳು ಜೊಳ್ಳಾಗಿ, ಕಾಂಡ ಮುರಿದು ಪೈರು ಮಲಗಿಬಿಡುತ್ತದೆ.

ಬರೀ ಹಳದಿಯಾದ ಎಲೆಯೆಲ್ಲ ತುಕ್ಕಲ್ಲ. ಗೊಬ್ಬರ ಸಾಲದೆಯೂ ಎಲೆ ಹಳದಿಯಾಗುತ್ತದೆ. ಉಜ್ಜಿ ನೋಡಿ. ಪುಡಿ ಕೈಗೆ ಬಂದರೆ ತುಕ್ಕು.

ಆ ಪುಡಿಯ ಒಂದೊಂದು ಕಣವೂ ಶಿಲೀಂಧ್ರದ ಒಂದು ಬೀಜ ಅಂದುಕೊಳ್ಳಿ. ಎಲೆಯ ಮೇಲೆ ಬಂದು ಬಿದ್ದ ಕಣಕ್ಕೆ ಮೊದಲು ಬೇಕಾದದ್ದು ನೀರು. ಮಳೆಯೇ ಬೇಕೆಂದಿಲ್ಲ, ರಾತ್ರಿಯ ಇಬ್ಬನಿ ಸಾಕು. ಆರೆಂಟು ಗಂಟೆ ಎಲೆ ಒದ್ದೆಯಾಗಿದ್ದರೆ ಕಣ ಮೊಳೆಯುತ್ತದೆ, ಒಂದು ನವಿರಾದ ಎಳೆ ಚಾಚುತ್ತದೆ, ಆ ಎಳೆ ಎಲೆಯ ಮೈ ತಡವುತ್ತಾ ತಡವುತ್ತಾ ಗಿಡ ಉಸಿರಾಡುವ ಸಣ್ಣ ರಂಧ್ರ ಹುಡುಕಿಕೊಂಡು ಅದರೊಳಗೆ ಇಳಿಯುತ್ತದೆ. ಒಳಗೆ ಹೋದ ಮೇಲೆ ಜೀವಕೋಶಗಳಿಗೆ ಕೊಳವೆ ಚುಚ್ಚಿ ಊಟ ಹೀರುವುದು. ಎಲೆಯನ್ನು ಕೂಡಲೇ ಕೊಲ್ಲುವುದಿಲ್ಲ. ಕೊಂದರೆ ಅದಕ್ಕೇ ನಷ್ಟ, ಯಾಕೆಂದರೆ ತುಕ್ಕಿಗೆ ಜೀವಂತ ಗಿಡವೇ ಬೇಕು. ವಾರ ಹತ್ತು ದಿನದಲ್ಲಿ ಎಲೆಯ ಸಿಪ್ಪೆ ಒಡೆದು ಹೊಸ ಗುಳ್ಳೆ, ಗುಳ್ಳೆ ತುಂಬ ಸಾವಿರಾರು ಕಣ, ಗಾಳಿಗೆ ಹಾರಿ ಮತ್ತೊಂದು ಎಲೆ.

ಇಲ್ಲಿ ಸಣ್ಣ ಲೆಕ್ಕ ಮಾಡೋಣ. ಒಂದು ಗುಳ್ಳೆಯ ಸಾವಿರಾರು ಕಣಗಳಲ್ಲಿ ಹತ್ತೇ ಹತ್ತು ಹೊಸ ಗುಳ್ಳೆಗಳಾದವು ಅಂತಿಟ್ಟುಕೊಳ್ಳಿ. ಸುತ್ತಿಗೆ ಹತ್ತು ದಿನ. 50 ದಿನದಲ್ಲಿ ಐದು ಸುತ್ತು, ಒಂದು ಗುಳ್ಳೆ ಒಂದು ಲಕ್ಷವಾಯಿತು. ಈಗ ಏನೋ ಮಾಡಿ ಆ ಸುತ್ತನ್ನು 14 ದಿನಕ್ಕೆ ಎಳೆದಿರಿ ಅಂತಾದರೆ? ಅದೇ 50 ದಿನದಲ್ಲಿ ಮೂರೇ ಸುತ್ತು, ಬರೀ ಒಂದು ಸಾವಿರ. ನಾಲ್ಕು ದಿನ ತಡ ಮಾಡಿದ್ದಕ್ಕೆ ನೂರು ಪಟ್ಟು ಕಡಿಮೆ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಭಾವನ ನೀಲಿ ನೀರಿನ ಪ್ರಶ್ನೆ. ನಮ್ಮಲ್ಲಿ ಮೇ ತಿಂಗಳ ಕೊನೆ ಬಂದರೆ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಗೊನೆಗೆ ಬಿಟ್ಟು, 40-45 ದಿನಕ್ಕೆ ಇನ್ನೊಂದು ಸಲ. 1910ರ ಸುಮಾರಿಗೆ ಮೈಸೂರು ಸರ್ಕಾರದಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಕೊಳೆರೋಗದ, ಅಂದರೆ ನಮ್ಮ ಮಹಾಳಿಯ, ಕಾರಣ ಕಂಡುಹಿಡಿದು ಈ ಬೋರ್ಡೋ ದ್ರಾವಣವನ್ನು ಅಡಿಕೆಗೆ ತಂದರು. ಇವತ್ತಿಗೂ ಮಹಾಳಿಗೆ ನಮ್ಮ ದೊಡ್ಡ ನಂಬಿಕೆ ಅದೇ.

ಆದರೆ ಬೋರ್ಡೋ ಅನ್ನುವುದು ಗೊನೆಗೆ ತೊಡಿಸಿದ ಅಂಗಿ. ಅಂಗಿ ಇದ್ದಲ್ಲಿ ಮಾತ್ರ ರಕ್ಷಣೆ, ಒಳಗೆ ಹೋದ ರೋಗವನ್ನು ಅದು ಮುಟ್ಟುವುದಿಲ್ಲ. ಅಡಿಕೆಯಲ್ಲಿ ಕಾಪಾಡಬೇಕಾದದ್ದು ಮರಕ್ಕೆ ನಾಲ್ಕು ಗೊನೆ. ಗೋಧಿಯಲ್ಲಿ ಎಕರೆಗೆ ಲಕ್ಷಗಟ್ಟಲೆ ಎಲೆ, ಅದೂ ದಿನಾ ಬೆಳೆಯುತ್ತಿರುವವು. ಇವತ್ತು ಅಂಗಿ ತೊಡಿಸಿದರೆ ಮುಂದಿನ ವಾರ ಬರುವ ಎಲೆ ಬೆತ್ತಲೆ. ಸಾಲದ್ದಕ್ಕೆ ಮಹಾಳಿ ತರುವ ಜೀವಿ ನಿಜವಾದ ಶಿಲೀಂಧ್ರವೇ ಅಲ್ಲ! ನೋಡಲು ಬೂಸ್ಟಿನ ಹಾಗಿದ್ದರೂ ಅದರ ನೆಂಟಸ್ತಿಕೆ ಪಾಚಿಗಳ ಕಡೆಗೆ. ನೀರಿನಲ್ಲಿ ಈಜುವ ಕಣಗಳನ್ನು ಬಿಡುತ್ತದೆ, ಅದಕ್ಕೇ ಆಟಿಯ ಮಳೆ ಅದಕ್ಕೆ ಹಬ್ಬ. ತುಕ್ಕು ಅಪ್ಪಟ ಶಿಲೀಂಧ್ರ, ಅದರ ಸವಾರಿ ಗಾಳಿಯ ಮೇಲೆ. ಒಂದರ ಮದ್ದನ್ನು ಇನ್ನೊಂದಕ್ಕೆ ಬಿಟ್ಟರೆ ಮೈಲುತುತ್ತಿನ ದುಡ್ಡು ದಂಡ.

ತುಕ್ಕಿಗೆ ನಡೆಯುವ ಮದ್ದು ಬೇರೆ, ಪ್ರೊಪಿಕೊನಜೋಲ್, ಟೆಬುಕೊನಜೋಲ್ ಜಾತಿಯದ್ದು. ಈ ಹೆಸರು ನಮ್ಮವರಿಗೆ ಈಗ ಹೊಸದಲ್ಲ. ಅಡಿಕೆಯ ಎಲೆಚುಕ್ಕಿ ರೋಗ ಬಂದ ಮೇಲೆ ತೋಟಗಳಲ್ಲಿ ಪ್ರೊಪಿಕೊನಜೋಲ್ ಬಿಟ್ಟವರು ಎಷ್ಟು ಜನ ಇಲ್ಲ! ಇದು ಎಲೆಯ ಒಳಗೆ ಇಳಿಯುತ್ತದೆ, ಶಿಲೀಂಧ್ರ ತನ್ನ ಜೀವಕೋಶದ ಗೋಡೆಯ ಒಳಪೊರೆಗೆ ಬೇಕಾದ ಒಂದು ಬಗೆಯ ಕೊಬ್ಬನ್ನು ತಯಾರಿಸದಂತೆ ತಡೆಯುತ್ತದೆ. ಪೊರೆ ಕಟ್ಟಲಾಗದೆ ಶಿಲೀಂಧ್ರ ನಿಲ್ಲುತ್ತದೆ. ಮಹಾಳಿಯ ಜೀವಿ ಆ ಕೊಬ್ಬನ್ನು ತಾನು ತಯಾರಿಸುವುದೇ ಇಲ್ಲ, ಹಾಗಾಗಿ ಈ ಮದ್ದಿಗೆ ಅದು ಜಗ್ಗುವುದಿಲ್ಲ. ಅಂಗಡಿಯವ "ಎಲ್ಲದಕ್ಕೂ ಆಗ್ತದೆ" ಅಂತ ಕೊಟ್ಟದ್ದನ್ನು ತಂದು ಬಿಟ್ಟು, ಒಂದು ವರ್ಷ ನಾನೂ ಪಾಠ ಕಲಿತಿದ್ದೇನೆ.

ಹಾಗಾದರೆ ಭಾವ ಅದನ್ನೇ ಹೊಡೆಯಬಹುದಿತ್ತಲ್ಲ? ಹೊಡೆಯಬಹುದು, ಆದರೆ ಹೊತ್ತು ನೋಡಬೇಕು. ಗೋಧಿಯ ಕಾಳಿಗೆ ಹೆಚ್ಚಿನ ಊಟ ಬರುವುದು ತೆನೆಯ ಕೆಳಗಿನ ಕೊನೆಯ ಎಲೆಯಿಂದ ಮತ್ತು ಅದರ ಕೆಳಗಿನ ಒಂದೆರಡು ಎಲೆಗಳಿಂದ. ಆ ಕೊನೆಯ ಎಲೆ ಬಿಚ್ಚಿಕೊಂಡಲ್ಲಿಂದ ಕಾಳು ಹಾಲುಗಟ್ಟುವ ತನಕ ಅದನ್ನು ಹಸಿರಾಗಿ ಉಳಿಸುವುದೇ ಆಟ. ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಕಂಡ ಕೂಡಲೇ ಲೀಟರ್ ನೀರಿಗೆ ಒಂದು ಮಿಲಿ ಪ್ರೊಪಿಕೊನಜೋಲ್, ಎಕರೆಗೆ 200 ಲೀಟರಿನಷ್ಟು ನೀರು, ಬೇಕಾದರೆ 15 ದಿನ ಬಿಟ್ಟು ಇನ್ನೊಮ್ಮೆ. ಹೊಲ ಪೂರ್ತಿ ಭಂಡಾರವಾದ ಮೇಲೆ ಹೊಡೆದರೆ ಲಕ್ಷ ಗುಳ್ಳೆಯ ಹಿಂದೆ ಓಡಿದ ಹಾಗೆ. ಕಾಳು ಗಟ್ಟಿಯಾದ ಮೇಲೆ ಹೊಡೆದರೆ ಇಳುವರಿಗೆ ಏನೂ ಸಿಗುವುದಿಲ್ಲ, ವಿಷ ಮಾತ್ರ ಕಾಳಿನ ಹತ್ತಿರ ಹೋಗುತ್ತದೆ. ಡಬ್ಬಿಯ ಚೀಟಿಯಲ್ಲಿ ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಬರೆದಿರುತ್ತದೆ, ಅದನ್ನು ಓದಿ. ಒಂದೇ ಮದ್ದನ್ನು ವರ್ಷ ವರ್ಷ ಹೊಡೆಯುವುದೂ ಒಳ್ಳೆಯದಲ್ಲ, ಶಿಲೀಂಧ್ರ ಒಗ್ಗಿಕೊಳ್ಳುತ್ತದೆ. ಭಾವನ ಫೋಟೋ ಬಂದಾಗ ಕಾಳು ಹಲ್ಲಿಗೆ ಕಟುಕ್ ಅನ್ನುವಷ್ಟು ಗಟ್ಟಿಯಾಗಿತ್ತು. "ಏನೂ ಹೊಡೆಯಬೇಡಿ ಭಾವ, ಕೊಯ್ದುಬಿಡಿ" ಅಂದೆ. ಅವರಿಗೆ ಸಮಾಧಾನವಾಗಲಿಲ್ಲ. "ಎಲ್ಲಿಂದ ಬಂತು ಇದು? ಹೋದ ವರ್ಷ ಇರಲಿಲ್ಲ" ಅಂತ ಮತ್ತೆ ಕೇಳಿದರು.

ಇದೇ ಪ್ರಶ್ನೆ ನೂರು ವರ್ಷದ ಹಿಂದೆ ಆಗ್ರಾದ ಸಸ್ಯರೋಗ ವಿಜ್ಞಾನಿ ಕರಮ್ ಚಂದ್ ಮೆಹ್ತಾ ಅವರನ್ನೂ ಕಾಡಿತ್ತು. ತುಕ್ಕಿಗೆ ಜೀವಂತ ಗೋಧಿ ಬೇಕು ಅಂದೆವಲ್ಲ, ಬಯಲಿನಲ್ಲಿ ಏಪ್ರಿಲಿನಿಂದ ಅಕ್ಟೋಬರ್ ತನಕ ಗೋಧಿಯೇ ಇರುವುದಿಲ್ಲ. ಬೇಸಿಗೆಯ 40 ಡಿಗ್ರಿ ಬಿಸಿಲಿಗೆ ನೆಲದ ಮೇಲಿನ ಕಣಗಳು ಸತ್ತುಹೋಗುತ್ತವೆ. ಹಾಗಾದರೆ ಮುಂದಿನ ಚಳಿಗಾಲಕ್ಕೆ ಮತ್ತೆ ಹೇಗೆ ಬರುತ್ತದೆ? ಯುರೋಪಿನವರ ಬಳಿ ಒಂದು ಉತ್ತರ ಇತ್ತು. ಕಾಂಡ ತುಕ್ಕು ಬಾರ್ಬೆರಿ ಎಂಬ ಮುಳ್ಳಿನ ಗಿಡದಲ್ಲಿ ಅರ್ಧ ಜೀವನ ಕಳೆಯುತ್ತದೆ ಅಂತ 1865ರಲ್ಲೇ ಜರ್ಮನಿಯ ವಿಜ್ಞಾನಿ ಡಿ ಬ್ಯಾರಿ ತೋರಿಸಿದ್ದರು. ಅಮೆರಿಕದವರು 1918ರಿಂದ ಆ ಗಿಡವನ್ನು ಹುಡುಕಿ ಹುಡುಕಿ ಕಿತ್ತರು. ನಮ್ಮಲ್ಲೂ ಹಿಮಾಲಯದಲ್ಲಿ, ನೀಲಗಿರಿಯಲ್ಲಿ ಬಾರ್ಬೆರಿ ಜಾತಿಯ ಗಿಡಗಳಿವೆ. ಆದರೆ ಮೆಹ್ತಾ ವರ್ಷಗಟ್ಟಲೆ ಹುಡುಕಿ ಹೇಳಿದ್ದು, ಭಾರತದಲ್ಲಿ ಕಥೆ ಅದಲ್ಲ, ತುಕ್ಕು ಬೇಸಿಗೆ ಕಳೆಯಲು ಬೆಟ್ಟಕ್ಕೆ ಹೋಗುತ್ತದೆ ಅಂತ. ದೊರೆಗಳ ಹಾಗೆಯೇ, ಊಟಿಗೆ ಮತ್ತು ಶಿಮ್ಲಾಕ್ಕೆ!

ಬೆಟ್ಟದ ತಂಪಿನಲ್ಲಿ ತಾನಾಗಿ ಹುಟ್ಟಿದ ಗೋಧಿ, ಕಾಲ ತಪ್ಪಿ ಬೆಳೆದ ಗೋಧಿ ಇರುತ್ತದೆ. ಅದರ ಮೇಲೆ ತುಕ್ಕು ಬದುಕಿಕೊಳ್ಳುತ್ತದೆ. ಉತ್ತರಕ್ಕೆ ಹಿಮಾಲಯ, ದಕ್ಷಿಣಕ್ಕೆ ನೀಲಗಿರಿ ಮತ್ತು ಪಳನಿ ಬೆಟ್ಟ. ಮೆಹ್ತಾ ಗಾಳಿಗೆ ಗಾಜಿನ ತುಂಡು ಒಡ್ಡಿ ಹಾರುವ ಕಣಗಳನ್ನು ಹಿಡಿದು ಎಣಿಸಿದರು. 1930ರಲ್ಲಿ ಶಿಮ್ಲಾದ ಫ್ಲವರ್‌ಡೇಲ್‌ನಲ್ಲಿ ತುಕ್ಕಿಗಾಗಿಯೇ ಒಂದು ಪ್ರಯೋಗಾಲಯ ಶುರುವಾಯಿತು, ಈಗಲೂ ದೇಶದ ತುಕ್ಕಿನ ಜಾತಕ ಬರೆಯುವುದು ಅಲ್ಲಿಯೇ. ಮುಂದೆ ಬಂದ ಸಂಶೋಧಕರು ಇನ್ನೊಂದು ಎಳೆ ಸೇರಿಸಿದರು. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತಗಳ ಗಾಳಿ ನೀಲಗಿರಿಯ ಕಣಗಳನ್ನು ಎತ್ತಿಕೊಂಡು ಉತ್ತರಕ್ಕೆ ಒಯ್ಯುತ್ತದೆ. ಮಳೆ ಅವನ್ನು ಮಧ್ಯಭಾರತದ ಎಳೆ ಗೋಧಿಯ ಮೇಲೆ ತೊಳೆದು ಇಳಿಸುತ್ತದೆ. ಗಾಳಿ ಆ ದಾರಿಯಲ್ಲಿ ಬಾರದ ವರ್ಷ ತುಕ್ಕು ಕಡಿಮೆ. "ಹೋದ ವರ್ಷ ಇರಲಿಲ್ಲ" ಅನ್ನುವುದಕ್ಕೆ ಉತ್ತರ ಇಲ್ಲಿ ಸಿಗಬಹುದು.

ಹಾಗಾಗಿ ಭಾವ ಎಷ್ಟು ಚೊಕ್ಕವಾಗಿ ಹೊಲ ಇಟ್ಟುಕೊಂಡರೂ ತುಕ್ಕು ಬರುವುದನ್ನು ತಡೆಯಲು ಆಗುವುದಿಲ್ಲ. ಕೊಳೆತ ಗೊನೆ ಹೆಕ್ಕಿ ಸುಟ್ಟ ಹಾಗೆ ಇಲ್ಲಿ ಸುಡಲು ಏನೂ ಇಲ್ಲ, ಅದು ಆಕಾಶದಿಂದ ಇಳಿಯುತ್ತದೆ. ಇಳಿದ ಮೇಲೆ ಗಿಡ ಏನು ಮಾಡುತ್ತದೆ ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು, ಅದನ್ನು ತೀರ್ಮಾನಿಸುವುದು ತಳಿ. ನಾನು ಮೊದಲೇ ತಳಿ ಯಾವುದು ಅಂತ ಕೇಳಿದ್ದು ಸುಮ್ನೆ ಅಲ್ಲ ಅಂತ ನನಗೇ ಗೊತ್ತಾದದ್ದು ಆವಾಗ.

ತಳಿಯಲ್ಲಿ ಎರಡು ಬಗೆಯ ಕಾವಲಿದೆ. ಒಂದು ನಾಯಿ, ಇನ್ನೊಂದು ಪಾಗಾರ, ಅಂದರೆ ಕಾಂಪೌಂಡ್ ಗೋಡೆ.

ನಾಯಿ ಅಂದರೆ ಗಿಡದಲ್ಲಿರುವ ಒಂದು ಜೀನ್, ಶಿಲೀಂಧ್ರದ ಒಂದು ಗೊತ್ತಾದ ವಾಸನೆ ಸಿಕ್ಕಿದ ಕೂಡಲೇ ಬೊಗಳುತ್ತದೆ. ಬೊಗಳುವುದು ಅಂದರೆ, ತುಕ್ಕು ಚುಚ್ಚಿದ ಜೀವಕೋಶ ತಾನೇ ಸತ್ತುಬಿಡುತ್ತದೆ. ಜೀವಂತ ಊಟವೇ ಬೇಕಾದ ತುಕ್ಕು ಅಲ್ಲೇ ಉಪವಾಸ ಬಿದ್ದು ಸಾಯುತ್ತದೆ. ಎಲೆಯಲ್ಲಿ ಒಂದು ಸಣ್ಣ ಚುಕ್ಕಿ ಉಳಿಯುತ್ತದೆ, ಅಷ್ಟೆ. ಅದ್ಭುತ ಕಾವಲು. ತೊಂದರೆ ಏನೆಂದರೆ ನಾಯಿಗೆ ಒಂದೇ ವಾಸನೆ ಗೊತ್ತು. ಕೋಟಿಗಟ್ಟಲೆ ಕಣಗಳಲ್ಲಿ ಒಂದೇ ಒಂದು ಆ ವಾಸನೆ ಬದಲಿಸಿಕೊಂಡರೆ ನಾಯಿ ಮಲಗಿಯೇ ಇರುತ್ತದೆ. ಊರೆಲ್ಲ ಒಂದೇ ತಳಿ ಬಿತ್ತಿದ್ದರೆ ಆ ಒಂದು ಕಣಕ್ಕೆ ಊರೇ ಊಟದ ಎಲೆ. ಪಿಬಿಡಬ್ಲ್ಯು 343 ಅಂತ ಒಂದು ತಳಿ 1990ರ ದಶಕದಲ್ಲಿ ಬಂದು ಪಂಜಾಬ್, ಹರಿಯಾಣದ ಹೊಲಗಳನ್ನೆಲ್ಲ ತುಂಬಿಕೊಂಡಿತ್ತು. ಇಳುವರಿ ಚೆನ್ನಾಗಿತ್ತು, ರೈತರಿಗೆ ಅದರ ಮೇಲೆ ಪ್ರೀತಿ. 2000ದ ದಶಕದಲ್ಲಿ ಹಳದಿ ತುಕ್ಕಿನ ಹೊಸ ರೂಪವೊಂದು ಅದರ ಕಾವಲನ್ನು ದಾಟಿತು, ಕೊನೆಗೆ ಆ ತಳಿಯನ್ನೇ ಬಿಡಬೇಕಾಯಿತು.

ಇದಕ್ಕಿಂತ ದೊಡ್ಡ ಹೆದರಿಕೆ ಉಗಾಂಡಾದಿಂದ ಬಂತು. 1998ರಲ್ಲಿ ಅಲ್ಲಿ ಸಿಕ್ಕಿ, ಮರುವರ್ಷ ಯುಜಿ 99 ಎಂದು ಹೆಸರು ಪಡೆದ ಕಾಂಡ ತುಕ್ಕು. ರೈ ಎಂಬ ಧಾನ್ಯದಿಂದ ಗೋಧಿಗೆ ತಂದಿದ್ದ ಎಸ್‌ಆರ್ 31 ಎಂಬ ಜೀನನ್ನು ನಂಬಿ ಜಗತ್ತಿನ ಬಹಳಷ್ಟು ಗೋಧಿ ಮಲಗಿದ್ದ ಕಾಲ ಅದು. ಈ ಹೊಸ ತುಕ್ಕು ಅದನ್ನು ದಾಟಿತು. ಕೀನ್ಯಾ, ಇಥಿಯೋಪಿಯಾ, ಆಮೇಲೆ ಯೆಮನ್, 2007ರ ಹೊತ್ತಿಗೆ ಇರಾನ್. ಹಸಿರು ಕ್ರಾಂತಿಯ ನಾರ್ಮನ್ ಬೋರ್ಲಾಗ್ ಆಗ 90ರ ಮುದುಕ, ಆದರೂ ಎದ್ದು ನಿಂತು ಎಚ್ಚರಿಸಿದರು. ಭಾರತದ ತಳಿಗಳನ್ನು ಕೀನ್ಯಾದ ಎನ್‌ಜೋರೋಗೆ ಕಳಿಸಿ, ಅಲ್ಲಿನ ತುಕ್ಕಿನ ನಡುವೆಯೇ ಬೆಳೆಸಿ, ಯಾವುದು ಉಳಿಯುತ್ತದೆ ಅಂತ ನೋಡುವ ಕೆಲಸ ಶುರುವಾಯಿತು. ಕಳ್ಳ ಬರುವ ಮೊದಲೇ ಅವನ ಊರಿಗೆ ಹೋಗಿ ನಾಯಿಗೆ ವಾಸನೆ ತೋರಿಸಿಕೊಂಡು ಬಂದ ಹಾಗೆ.

ಪಾಗಾರ ಬೇರೆ ಥರ. ಅದು ಯಾರನ್ನೂ ಗುರುತಿಸುವುದಿಲ್ಲ, ಎಲ್ಲರಿಗೂ ಅಡ್ಡ. ಹಾರಿ ಬರಬಹುದು, ಆದರೆ ತಡವಾಗುತ್ತದೆ. ಎಸ್‌ಆರ್ 2, ಎಲ್‌ಆರ್ 34 ಮೊದಲಾದ ಜೀನ್‌ಗಳು ಹೀಗೆ. ಇವಿದ್ದ ಗಿಡದಲ್ಲಿ ತುಕ್ಕು ಬರುತ್ತದೆ, ಆದರೆ ಗುಳ್ಳೆ ಸಣ್ಣದು, ಸಂಖ್ಯೆ ಕಡಿಮೆ, ಸುತ್ತು ಉದ್ದ. ಮೊದಲು ಮಾಡಿದ ಲೆಕ್ಕ ನೆನಪಿದೆಯಲ್ಲ, ಹತ್ತು ದಿನ 14 ದಿನದ್ದು? ಅದನ್ನೇ ಈ ಪಾಗಾರ ಮಾಡುವುದು. ತುಕ್ಕು ಜೋರಾಗುವ ಹೊತ್ತಿಗೆ ಕಾಳು ತುಂಬಿ ಆಗಿರುತ್ತದೆ. ಇಂಥ ನಾಲ್ಕೈದು ಜೀನ್ ಒಟ್ಟು ಸೇರಿದರೆ ಹೊಲ ಬಹುತೇಕ ಚೊಕ್ಕವಾಗಿಯೇ ಕಾಣುತ್ತದೆ. ಎಲ್‌ಆರ್ 34 ಇರುವ ಗೋಧಿಯ ಎಲೆಯ ತುದಿ ಒಣಗಿದ ಹಾಗೆ ಕಾಣುವುದುಂಟು. ಅದು ರೋಗ ಅಂದುಕೊಂಡು ಮದ್ದು ಹೊಡೆಯಬೇಡಿ, ಕಾವಲು ಇದೆ ಅನ್ನುವುದರ ಗುರುತು ಅದು. ನನ್ನನ್ನು ಕೇಳಿದರೆ ರೈತನಿಗೆ ನಾಯಿಗಿಂತ ಪಾಗಾರವೇ ನಂಬಿಕಸ್ಥ.

ಎಸ್‌ಆರ್ 2 ಬಂದದ್ದು ಎಲ್ಲಿಂದ ಗೊತ್ತಾ? 1920ರ ದಶಕದಲ್ಲಿ ಅಮೆರಿಕದ ಮೆಕ್‌ಫ್ಯಾಡನ್ ಎಂಬವರು ಮಾಮೂಲಿ ಗೋಧಿಗೆ ಒಂದು ಹಳೆಯ ಸಿಪ್ಪೆ ಗೋಧಿಯನ್ನು ಸಂಕರ ಮಾಡಿ 'ಹೋಪ್' ಎಂಬ ತಳಿ ತೆಗೆದರು, ಅದರಿಂದ. ಆ ಸಿಪ್ಪೆ ಗೋಧಿಯ ಜಾತಿಯದ್ದೇ ನಮ್ಮ ಬೆಳಗಾವಿ, ಧಾರವಾಡದ ಸದಕ, ಕೆಲವರು ಜವೆ ಗೋಧಿ ಅನ್ನುತ್ತಾರೆ, ಹುಗ್ಗಿಗೆ ಹಾಕುವುದು ಇದನ್ನೇ. ಮಹಾರಾಷ್ಟ್ರದವರು ಇದಕ್ಕೆ ಖಪ್ಲಿ ಅನ್ನುತ್ತಾರೆ. ಕಾಂಡ ತುಕ್ಕಿನ ಬಗೆಗಳನ್ನು ಗುರುತಿಸಲು ಅಮೆರಿಕದ ಸ್ಟ್ಯಾಕ್‌ಮನ್ 1922ರಲ್ಲಿ ಆರಿಸಿದ 12 ಗೋಧಿಗಳಲ್ಲಿ ಖಪ್ಲಿಯೂ ಒಂದು. ತುಕ್ಕು ಸಾಮಾನ್ಯವಾಗಿ ಇದರ ಹತ್ತಿರ ಸುಳಿಯುವುದಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಇದನ್ನೇ ಗಿಡ್ಡ ಮಾಡಿ, ಇಳುವರಿ ಏರಿಸಿ ಡಿಡಿಕೆ 1025, ಡಿಡಿಕೆ 1029 ಅಂತ ತಳಿ ಕೊಟ್ಟಿದೆ. ಚಪಾತಿ ಗೋಧಿ ಬೇಕಾದವರಿಗೆ ಯುಎಎಸ್ 304ರಂಥವು ಇವೆ.

ತಳಿಯ ನಂತರ ಬರುವುದೆಲ್ಲ ಸಣ್ಣ ಪುಟ್ಟದ್ದು, ಆದರೆ ಬಿಡುವಂಥದ್ದಲ್ಲ. ತಡವಾಗಿ ಬಿತ್ತಬೇಡಿ. ತಡವಾದ ಪೈರು ಕಾಳು ಕಟ್ಟುವ ಹೊತ್ತಿಗೆ ಬಿಸಿಲು ಏರಿ, ಸುತ್ತಲಿನ ಹೊಲಗಳ ಕಣಗಳೆಲ್ಲ ಅದರ ಮೇಲೆ ಬರುತ್ತವೆ. ಯೂರಿಯಾ ಜಾಸ್ತಿ ಸುರಿದರೆ ಪೈರು ದಟ್ಟವಾಗಿ, ಇಬ್ಬನಿ ಮಧ್ಯಾಹ್ನದ ತನಕ ಒಣಗದೆ, ತುಕ್ಕಿಗೂ ಬೂದಿ ರೋಗಕ್ಕೂ ಹಾಸಿಗೆ ಹಾಸಿದಂತೆ. ಹೊಲ ದೊಡ್ಡದಿದ್ದರೆ ಎರಡು ಮೂರು ತಳಿ ಹಂಚಿ ಬಿತ್ತುವುದು ಒಳ್ಳೆಯದು, ಒಂದರ ನಾಯಿ ಮಲಗಿದರೂ ಇನ್ನೊಂದರದ್ದು ಎಚ್ಚರ ಇರಬಹುದು.

ಎಲೆಯ ಮೇಲೆ ಪುಡಿ ಇಲ್ಲದೆ ಕಂದು ಮಚ್ಚೆಗಳು ಉದ್ದಕ್ಕೆ ಹಬ್ಬಿದರೆ ಅದು ಎಲೆ ಅಂಗಮಾರಿ, ಲೆಕ್ಕ ಬೇರೆ. ಅದು ಬೀಜದಲ್ಲಿ, ಕೂಳೆಯಲ್ಲಿ ಉಳಿಯುತ್ತದೆ. ಹಾಗಾಗಿ ಅಲ್ಲಿ ಬೀಜೋಪಚಾರ, ಕಡಲೆಯಂಥ ಬೆಳೆ ಬದಲಾವಣೆ ಕೆಲಸಕ್ಕೆ ಬರುತ್ತವೆ. ನಮ್ಮ ಗದ್ದೆಯವರಿಗೆ ಗೊತ್ತಿರುವ ಬೆಂಕಿ ರೋಗದ ಒಂದು ದಾಯಾದಿ ಗೋಧಿಗೂ ಇದೆ. 1985ರಲ್ಲಿ ಬ್ರೆಜಿಲ್‌ನಲ್ಲಿ ಕಂಡದ್ದು 2016ರಲ್ಲಿ ಬಾಂಗ್ಲಾದೇಶಕ್ಕೆ ಬಂದು ಸುಮಾರು 15,000 ಹೆಕ್ಟೇರ್ ಹಾಳು ಮಾಡಿತು, ಗಡಿಯ ಈಚೆಗೆ ಪಶ್ಚಿಮ ಬಂಗಾಳದ ಕೆಲವು ಕಡೆ ಗೋಧಿ ಬಿತ್ತುವುದನ್ನೇ ಸ್ವಲ್ಪ ಕಾಲ ನಿಲ್ಲಿಸಿದರು. ಭತ್ತದ ಬೆಂಕಿ ರೋಗ ಹಾರಿ ಗೋಧಿಗೆ ಹೋಗುತ್ತದೆ ಅಂತ ಹೆದರಬೇಡಿ, ಅದರ ಶಾಖೆಯೇ ಬೇರೆ.

ಭಾವ ಎಲ್ಲವನ್ನೂ ಕೇಳಿ, "ಅಂದ್ರ ಔಷಧ ಸಿಗೂದು ಅಂಗಡ್ಯಾಗಲ್ಲ, ಬಿತ್ತೂಕಿಂತ ಮೊದಲನ ಆತಲ್ಲ" ಅಂದರು. ಆಮೇಲೆ ನಾವಿಬ್ಬರೂ ಅದನ್ನು ಮರೆತೆವು. ಮಳೆ ಬಂತು, ಇಲ್ಲಿ ಮದ್ದು ಬಿಡುವ ಕೆಲಸ, ಜನ ಸಿಗದ ಗೋಳು. ಅಕ್ಟೋಬರಿನಲ್ಲಿ ಮತ್ತೊಂದು ಫೋಟೋ ಬಂತು. ಈ ಸಲ ಎಲೆ ಇಲ್ಲ. ಎರಡು ಬೀಜದ ಚೀಲ, ಬಾಯಿಗೆ ಹೊಲಿದ ಚೀಟಿಯನ್ನು ಅಕ್ಕ ಬೆರಳಿನಿಂದ ಬಿಡಿಸಿ ಹಿಡಿದಿದ್ದಳು, ತಳಿಯ ಹೆಸರು ಕಾಣಲಿ ಅಂತ. ಒಂದರಲ್ಲಿ ಯುಎಎಸ್ 304. ಇನ್ನೊಂದು ಡಿಡಿಕೆ 1029, ಅದರ ಕೆಳಗೆ ಅಕ್ಕ ಬರೆದಿದ್ದಳು: "ಇದು ಹುಗ್ಗಿಗೆ."